ಕಿನ್ನಾಳಕ್ಕೆ ಮರಳದ ಪುಸ್ತಕ

2004ರ ಚಳಿಗಾಲ. ವಿನ್ಯಾಸದ ಸ್ನಾತಕೋತ್ತರ ವಿದ್ಯಾರ್ಥಿನಿಯಾಗಿದ್ದ ನಾನು ಕೊಪ್ಪಳಕ್ಕೆ ಸಮೀಪದ ಕಿನ್ನಾಳದಲ್ಲಿ, ಚಿತ್ರಗಾರ ಮನೆತನದ ಹಿರಿಯರೊಬ್ಬರ ಪಡಸಾಲೆಯಲ್ಲಿ ಮೂರು ವಾರ ಕುಳಿತು ಅವರ ಕೆಲಸವನ್ನು ದಾಖಲಿಸಿಕೊಂಡೆ. ನಮ್ಮ ವ್ಯಾಸಂಗದಲ್ಲಿ ಅದು ಕಡ್ಡಾಯವಾಗಿತ್ತು. ಹಗುರವಾದ ಮರವನ್ನು ಕೆತ್ತಿ, ಬಿಡಿಭಾಗಗಳನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸಿ, ನೆನೆಸಿ ಒಣಗಿಸಿ ಪುಡಿ ಮಾಡಿದ ಗೋಣಿಯ ಚೂರುಗಳನ್ನು ಮರದ ಹೊಟ್ಟಿನೊಂದಿಗೆ ಕಲಸಿ ಸಿದ್ಧಪಡಿಸಿದ ‘ಕಿಟ್ಟ’ವನ್ನು ಗೊಂಬೆಯ ಮೈತುಂಬ ಬಳಿಯುವ ಆ ನಿಧಾನದ ವಿದ್ಯೆಯನ್ನು ಕ್ಯಾಮೆರಾದಲ್ಲಿಯೂ ಟೇಪಿನಲ್ಲಿಯೂ ಹಿಡಿದೆ. ಗರುಡನಿಗೆ ಹನ್ನೆರಡು ಬಿಡಿಭಾಗ, ಪೀಠದ ಮೇಲೆ ಕುಳಿತ ಗಣಪನಿಗೆ ಇಪ್ಪತ್ತೆರಡು ಎಂದು ಬರೆದುಕೊಂಡೆ. ಬೆಂಗಳೂರಿಗೆ ಮರಳಿ ಇಂಗ್ಲಿಷಿನಲ್ಲಿ ಅಂದವಾದ ಪುಸ್ತಕವೊಂದನ್ನು ಸಿದ್ಧಗೊಳಿಸಿ ಒಪ್ಪಿಸಿದೆ. ಒಳ್ಳೆಯ ಅಂಕಗಳೂ ಬಂದವು. ಪುಸ್ತಕದ ಒಂದು ಪ್ರತಿಯನ್ನು ಕಿನ್ನಾಳಕ್ಕೆ ತಲುಪಿಸುತ್ತೇನೆಂದು ಮಾತು ಕೊಟ್ಟು ಬಂದಿದ್ದೆ. ತಲುಪಿಸಲಿಲ್ಲ.

ಈಗ ಅದೇ ವಿಷಯವನ್ನು ಕಲಿಸುವ ಅಧ್ಯಾಪಕಿ ನಾನು. ಇತ್ತೀಚೆಗೆ ಆರು ಮಂದಿ ಸ್ನಾತಕೋತ್ತರ ವಿದ್ಯಾರ್ಥಿಗಳೊಂದಿಗೆ ಮತ್ತೆ ಅದೇ ಮನೆಯ ಬಾಗಿಲಲ್ಲಿ ನಿಂತಾಗ ಹಿರಿಯರು ತೀರಿಕೊಂಡು ವರ್ಷಗಳೇ ಕಳೆದಿದ್ದವು. ಅವರ ಮಗ ನಮ್ಮನ್ನು ಕೂರಿಸಿ, ಚಹಾ ಕೊಟ್ಟು, ನಗುತ್ತಲೇ ಹೇಳಿದರು: “ಫೋಟೋ ತಗೊಂಡು ಹೋದೋರು ಭಾಳ ಮಂದಿ ಅದಾರ್ರಿ ಅಕ್ಕಾರ. ತಿರುಗಿ ತಂದು ತೋರಿಸಿದೋರು ಯಾರೂ ಇಲ್ಲ.” ಅದರಲ್ಲಿ ಆಕ್ಷೇಪದ ಧ್ವನಿಯಿರಲಿಲ್ಲ. ಆದ್ದರಿಂದಲೇ ಅದು ನನ್ನನ್ನು ಹೆಚ್ಚು ಚುಚ್ಚಿತು.

ಈ ವೈಯಕ್ತಿಕ ಪ್ರಸಂಗವನ್ನು ಹೇಳಲು ಕಾರಣವಿದೆ. ವಿನ್ಯಾಸ ಶಿಕ್ಷಣದಲ್ಲಿ ಇಂದು ಎಲ್ಲೆಡೆ ಕೇಳಿಬರುತ್ತಿರುವ ಮಾತು ‘ಸ್ವಯಂ ನಿರ್ದೇಶಿತ ಕಲಿಕೆ’. ವಿದ್ಯಾರ್ಥಿಯೇ ತನಗೆ ಬೇಕಾದುದನ್ನು ಗುರುತಿಸಿಕೊಂಡು, ತಾನೇ ಸಾಧನಗಳನ್ನು ಹುಡುಕಿಕೊಂಡು, ತನ್ನ ವೇಗದಲ್ಲಿ ಕಲಿಯಬೇಕು; ಡಿಜಿಟಲ್ ಸಾಧನಗಳು ಅದಕ್ಕೆ ಆಸರೆಯಾಗಬೇಕು ಎಂಬುದು ಇದರ ಸಾರ. ತತ್ವವಾಗಿ ಇದನ್ನು ಯಾರೂ ಅಲ್ಲಗಳೆಯಲಾರರು. ಎರಡು ವರ್ಷಗಳ ಸ್ನಾತಕೋತ್ತರ ಪದವಿಯಲ್ಲಿ ಎಲ್ಲವನ್ನೂ ಕಲಿಸಲು ಯಾವ ಅಧ್ಯಾಪಕರಿಗೂ ಸಾಧ್ಯವಿಲ್ಲ. ಸಾಧನಗಳಿಗೂ ಬರವಿಲ್ಲ. ಐಐಟಿಗಳ ಎನ್‌ಪಿಟೆಲ್ ಪಾಠಗಳು, 2017ರಲ್ಲಿ ಆರಂಭವಾದ ‘ಸ್ವಯಂ’ ವೇದಿಕೆ, ಐಐಟಿ ಬಾಂಬೆ, ಐಐಟಿ ಗುವಾಹಟಿ ಮತ್ತು ರಾಷ್ಟ್ರೀಯ ವಿನ್ಯಾಸ ಸಂಸ್ಥೆಗಳು ಕೂಡಿ ವಿನ್ಯಾಸ ಕಲಿಕೆಗೆಂದೇ ರೂಪಿಸಿದ ‘ಡಿ-ಸೋರ್ಸ್’ ಇವೆಲ್ಲ ಉಚಿತವಾಗಿಯೇ ಲಭ್ಯವಿವೆ. ಹಾಗಿದ್ದರೂ ಒಂದು ಪ್ರಶ್ನೆ ಉಳಿಯುತ್ತದೆ. ತಾನೇ ಕಲಿಯುವವನು ತಪ್ಪು ಕಲಿತರೆ ಅದನ್ನು ತೋರಿಸಿಕೊಡುವವರು ಯಾರು?

ಸ್ವಯಂ ನಿರ್ದೇಶಿತ ಕಲಿಕೆಯೆಂಬ ಪರಿಕಲ್ಪನೆಯನ್ನು ಜನಪ್ರಿಯಗೊಳಿಸಿದ ಅಮೆರಿಕದ ವಯಸ್ಕ ಶಿಕ್ಷಣ ತಜ್ಞ ಮಾಲ್ಕಮ್ ನೋಲ್ಸ್ 1975ರಲ್ಲಿ ಅದರ ಬಗ್ಗೆ ಪುಸ್ತಕ ಬರೆದಾಗ, ಕಲಿಯುವವನು ಇತರರ ನೆರವನ್ನು ಪಡೆದೋ ಪಡೆಯದೆಯೋ ಮೊದಲ ಹೆಜ್ಜೆಯನ್ನು ತಾನೇ ಇಡುವುದು ಎಂಬರ್ಥದಲ್ಲಿ ಅದನ್ನು ವಿವರಿಸಿದ್ದ. ತನ್ನ ಕಲಿಕೆಯ ಫಲವನ್ನು ತೂಗಿ ನೋಡಿಕೊಳ್ಳುವುದೂ ಆ ವಿವರಣೆಯ ಭಾಗವೇ ಆಗಿತ್ತು. ನಾವು ಮಾತ್ರ ‘ಸ್ವಯಂ’ ಎಂಬುದನ್ನು ‘ಒಂಟಿ’ ಎಂದು ಅರ್ಥಮಾಡಿಕೊಂಡಂತಿದೆ. ಕೈಯಲ್ಲೊಂದು ಲ್ಯಾಪ್‌ಟಾಪ್, ಕಿವಿಯಲ್ಲೊಂದು ಇಯರ್‌ಫೋನ್ ಇದ್ದರೆ ಕಲಿಕೆ ನಡೆಯುತ್ತಿದೆಯೆಂದು ಭಾವಿಸುತ್ತೇವೆ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಗರದ ಸಂಸ್ಥೆಗಳಿಗೆ ಹೊಸ ಬೋಧನಾ ಕ್ರಮವಾಗಿ ಕಾಣುವ ಈ ಸ್ವಯಂ ಕಲಿಕೆ ನಮ್ಮ ಭಾಗದ ಮಕ್ಕಳಿಗೆ ಹಿಂದಿನಿಂದಲೂ ಅನಿವಾರ್ಯವಾಗಿತ್ತು. ನಾನೂ ಕುಷ್ಟಗಿ ಸೀಮೆಯವಳೇ. ನಾನು ಪಿಯುಸಿ ಓದುವಾಗ ವಿನ್ಯಾಸವೆಂಬ ಓದೊಂದು ಇದೆಯೆಂದು ಹೇಳುವವರೇ ಇರಲಿಲ್ಲ. ನನ್ನ ಈಗಿನ ತರಗತಿಯಲ್ಲಿರುವ ಯಲಬುರ್ಗಾ ಕಡೆಯ ವಿದ್ಯಾರ್ಥಿನಿಯೊಬ್ಬಳು ಪ್ರವೇಶ ಪರೀಕ್ಷೆಗೆ ತಯಾರಾದದ್ದು ಅಣ್ಣನ ಮೊಬೈಲಿನಲ್ಲಿ, ರಾತ್ರಿ ಅವನು ಮಲಗಿದ ಮೇಲೆ. ಇಂಗ್ಲಿಷ್ ಉಪನ್ಯಾಸವನ್ನು ನಿಲ್ಲಿಸಿ ನಿಲ್ಲಿಸಿ ಕೇಳಿ, ಅರ್ಥವಾಗದ ಪದಗಳನ್ನು ನೋಟ್‌ಬುಕ್ಕಿನ ಎಡಬದಿಗೆ ಬರೆದು, ಬಲಬದಿಗೆ ಕನ್ನಡದಲ್ಲಿ ತನಗೆ ತಿಳಿದಂತೆ ವಿವರಿಸಿಕೊಂಡಿದ್ದಳು. ಆ ನೋಟ್‌ಬುಕ್ಕನ್ನು ನೋಡಿದಾಗ, ಸ್ವಯಂ ಕಲಿಕೆಯ ಬಗ್ಗೆ ನಾವು ನಡೆಸುವ ಕಾರ್ಯಾಗಾರಗಳಲ್ಲಿ ಭಾಷಣ ಮಾಡಬೇಕಾದವಳು ಇವಳೇ ಎನ್ನಿಸಿತು. ಡಿಜಿಟಲ್ ಸಾಧನ ಇಲ್ಲದಿದ್ದರೆ ಅವಳು ಇಲ್ಲಿಗೆ ಬರುತ್ತಿರಲಿಲ್ಲ. ಆದ್ದರಿಂದ ‘ಕಂಪ್ಯೂಟರ್ ಬೇಡ, ಕೈಯಿಂದಲೇ ಕಲಿಯಿರಿ’ ಎಂದು ಉಪದೇಶಿಸುವ ಹಕ್ಕು ನಮಗಿಲ್ಲ.

ಆದರೆ ಸಾಧನ ಬಾಗಿಲನ್ನು ತೆರೆದುಕೊಡುತ್ತದೆಯೇ ಹೊರತು ಒಳಗೆ ಕಂಡದ್ದು ಸರಿಯೋ ತಪ್ಪೋ ಎಂದು ಹೇಳುವುದಿಲ್ಲ. ಪ್ರವಾಸಕ್ಕೆ ಮೊದಲು ವಿದ್ಯಾರ್ಥಿಯೊಬ್ಬ ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ ‘ಕಿನ್ನಾಳ ಶೈಲಿಯ ಗರುಡ’ ಬೇಕೆಂದು ಕೇಳಿದ. ಕ್ಷಣಾರ್ಧದಲ್ಲಿ ನಾಲ್ಕು ಗರುಡಗಳು ಬಂದವು. ದುಂಡು ಮೈ, ನುಣುಪು ಹೊಳಪು, ಗಾಢ ಬಣ್ಣ. ನೋಡಲು ಸೊಗಸಾಗಿಯೇ ಇದ್ದವು. ಆದರೆ ಅವು ಚರಕಿಯಲ್ಲಿ ತಿರುವಿ ಅರಗಿನ ಬಣ್ಣ ಹಚ್ಚುವ ಚನ್ನಪಟ್ಟಣದ ಗೊಂಬೆಗಳಿಗೆ ಹತ್ತಿರವಾಗಿದ್ದವು. ಕಿನ್ನಾಳದ ಗೊಂಬೆಯಾದರೋ ಕೆತ್ತಿದ್ದು, ಕೂಡಿಸಿದ್ದು, ಪದರ ಪದರವಾಗಿ ಲೇಪಿಸಿದ್ದು. ಅದರ ಆಭರಣಗಳು ಕಲ್ಲಿನ ಪುಡಿ ಮತ್ತು ಅಂಟಿನ ಲೇಪದಿಂದ ಉಬ್ಬಿ ನಿಂತಿರುತ್ತವೆ. ವಿದ್ಯಾರ್ಥಿಗೆ ಈ ವ್ಯತ್ಯಾಸ ಹೊಳೆಯಲಿಲ್ಲ. ಹೊಳೆಯುವ ಸಾಧ್ಯತೆಯೂ ಇರಲಿಲ್ಲ. ಕಿನ್ನಾಳದಲ್ಲಿ ಆ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದಾಗ ಮನೆಯ ಹೆಣ್ಣುಮಗಳೊಬ್ಬಳು ಒಂದೇ ನೋಟದಲ್ಲಿ “ಇದು ನಮ್ಮದಲ್ಲರಿ” ಎಂದಳು. ಮೂರು ತಿಂಗಳ ಪಾಠ ಆ ಒಂದು ಮಾತಿನಲ್ಲಿತ್ತು.

ಇಂಥದೇ ಅನುಭವ ಇಳಕಲ್ ಸೀರೆಯ ವಿಷಯದಲ್ಲಿಯೂ ಆಯಿತು. ಇಳಕಲ್ ಬಾಗಲಕೋಟೆ ಜಿಲ್ಲೆಗೆ ಸೇರಿದ್ದರೂ ಕುಷ್ಟಗಿಗೆ ನೆರೆಯೂರು. ಮಗ್ಗದ ನಂಟು ಜಿಲ್ಲೆಯ ಗಡಿಯನ್ನು ನೋಡಿ ನಿಲ್ಲುವುದಿಲ್ಲ. ಜವಳಿ ವಿನ್ಯಾಸದ ವಿದ್ಯಾರ್ಥಿನಿಯೊಬ್ಬಳು ನೇಯ್ಗೆಯ ತಂತ್ರಾಂಶದಲ್ಲಿ ಸೀರೆಯನ್ನು ಮೈ, ಅಂಚು, ಸೆರಗುಗಳ ಸಮೇತ ಬಣ್ಣ ತಪ್ಪದಂತೆ ಮೂಡಿಸಿದ್ದಳು. ನೇಕಾರರು ಮೆಚ್ಚಿ ನೋಡಿದರು. ಆಮೇಲೆ ಕೇಳಿದರು: “ಮೈಯ ಹಾಸಿಗೂ ಸೆರಗಿನ ಹಾಸಿಗೂ ಎಲ್ಲಿ ಜೋಡಿಸಿದ್ಯವ್ವಾ?” ಅವಳ ಪರದೆಯ ಮೇಲೆ ಸೀರೆಯೆಂದರೆ ಒಂದೇ ಬಟ್ಟೆ. ಮಗ್ಗದ ಮೇಲೆ ಹಾಗಲ್ಲ. ಮೈಯ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಎರಡರ ಎಳೆಗಳನ್ನೂ ಕುಣಿಕೆ ಹಾಕಿ ಒಂದಕ್ಕೊಂದು ಕೂಡಿಸಿದ ನಂತರವೇ ‘ತೋಪು ತೆನಿ’ಯ ಸೆರಗು ಮೂಡಬೇಕು. ಆ ಕಾರಣದಿಂದ ಪ್ರತಿ ಸೀರೆಗೂ ಹಾಸನ್ನು ಪ್ರತ್ಯೇಕವಾಗಿ ಅಣಿಗೊಳಿಸಬೇಕಾಗುತ್ತದೆ. ಸೀರೆಯ ಬೆಲೆ, ನೇಕಾರನ ಶ್ರಮ, ಯಂತ್ರಮಗ್ಗದ ನಕಲಿಗೂ ಅಸಲಿಗೂ ಇರುವ ಅಂತರ ಎಲ್ಲವೂ ಆ ಕುಣಿಕೆಯಲ್ಲಿ ಅಡಗಿವೆ. ತಂತ್ರಾಂಶ ಸುಳ್ಳು ಹೇಳಿರಲಿಲ್ಲ. ಕೇಳದೇ ಇದ್ದುದನ್ನು ಹೇಳಿರಲಿಲ್ಲ, ಅಷ್ಟೆ.

ಹಾಗೆಂದು ಸಾಧನ ಯಾವಾಗಲೂ ಮೇಲ್ಮೈಯಲ್ಲೇ ನಿಲ್ಲುತ್ತದೆಯೆಂದು ತೀರ್ಮಾನಿಸುವುದೂ ಸರಿಯಲ್ಲ. ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿರುವ ಇಟಗಿಯ ಮಹಾದೇವ ದೇವಾಲಯವನ್ನೇ ನೋಡೋಣ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ, ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕೊಂಡಾಡಿದ ಗುಡಿ ಅದು. ಯಲಬುರ್ಗಾದ ಆ ವಿದ್ಯಾರ್ಥಿನಿ ಅಲ್ಲಿನ ಕಡೆದ ಕಂಬಗಳ ನೂರಾರು ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದು, ಉಚಿತ ತಂತ್ರಾಂಶದ ನೆರವಿನಿಂದ ಮೂರು ಆಯಾಮದ ಮಾದರಿಯೊಂದನ್ನು ತಾನೇ ಕಟ್ಟಿದಳು. ಯಾರೂ ಕಲಿಸಿರಲಿಲ್ಲ. ಮಾದರಿಯಲ್ಲಿ ಒಂದು ಕಂಬದ ಬಳೆಗಳು ಕಲಸಿಹೋಗಿದ್ದವು. ಕಾರಣ ತಿಳಿಯಲು ಮತ್ತೆ ಇಟಗಿಗೆ ಹೋಗಿ, ಈ ಸಲ ಕಾಗದ ಪೆನ್ಸಿಲ್ ಹಿಡಿದು ಅದೇ ಕಂಬವನ್ನು ಅಳೆದು ಬರೆದಳು. ಕನ್ನಡಿಯಂತೆ ನುಣುಪಾದ ಕಲ್ಲಿನ ಮೇಲೆ ಬಿದ್ದ ಬೆಳಕು ಕ್ಯಾಮೆರಾವನ್ನು ದಾರಿ ತಪ್ಪಿಸಿತ್ತು. ಸಾಧನ ಸೋತ ಜಾಗವೇ ಅವಳು ಕಣ್ಣಿಟ್ಟು ನೋಡಬೇಕಾದ ಜಾಗವಾಯಿತು. ಡಿಜಿಟಲ್ ಸಾಧನದ ನಿಜವಾದ ಪ್ರಯೋಜನ ಇಲ್ಲಿದೆಯೆಂದು ನನಗನ್ನಿಸುತ್ತದೆ. ಅದು ಸಿದ್ಧ ಉತ್ತರ ಕೊಡುವ ಯಂತ್ರವಾಗಿದ್ದಾಗ ಕಲಿಕೆಯನ್ನು ಕುಂಠಿತಗೊಳಿಸುತ್ತದೆ. ನಾವು ಎಲ್ಲಿ ಎಡವಿದೆವೆಂದು ಬರೆದಿಟ್ಟುಕೊಳ್ಳುವ ಪುಸ್ತಕವಾದಾಗ ಬೆಳೆಸುತ್ತದೆ.

ಪದವಿಯ ಹಂಗಿಲ್ಲದೆ ಹೀಗೆ ಕಲಿತವರನ್ನು ನೋಡಬೇಕಿದ್ದರೆ ಗಂಗಾವತಿಗೆ ಹೋಗಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ಕಣಜವೆನಿಸಿದ ಆ ಊರಿನಲ್ಲಿ ಅಕ್ಕಿ ಗಿರಣಿಗಳು ಹೆಚ್ಚು. ಗಿರಣಿ ಇದ್ದಲ್ಲಿ ಅಕ್ಕಿಚೀಲ, ಚೀಲ ಇದ್ದಲ್ಲಿ ಅದರ ಮೇಲೊಂದು ಚಿತ್ರ. ಇಂಥ ಕೆಲಸ ಮಾಡುವ ಡಿಟಿಪಿ ಅಂಗಡಿಯೊಂದರಲ್ಲಿ ನನ್ನ ವಿದ್ಯಾರ್ಥಿಗಳು ಒಂದು ದಿನ ಕಳೆದರು. ಅಲ್ಲಿನ ಯುವಕ ಕೋರೆಲ್‌ಡ್ರಾ ಕಲಿತದ್ದು ಯಾವ ಶಾಲೆಯಲ್ಲೂ ಅಲ್ಲ; ವಿಡಿಯೊ ನೋಡಿ, ಹಾಳು ಮಾಡಿ, ಮತ್ತೆ ಮಾಡಿ. ಅಕ್ಷರ ಸಣ್ಣದಾದರೆ ನೇಯ್ದ ಪ್ಲಾಸ್ಟಿಕ್ ಚೀಲದ ಮೇಲೆ ಅದು ಒಡೆಯುತ್ತದೆ, ತೆಳುವಾದ ಗೆರೆ ನಿಲ್ಲುವುದಿಲ್ಲ, ಎರಡು ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ ಎಂಬುದನ್ನು ಅವನಿಗೆ ಕಲಿಸಿದವರು ಚೀಲವನ್ನು ಮರಳಿ ತಂದು ಮೇಜಿನ ಮೇಲೆ ಎಸೆದ ಗಿರಾಕಿಗಳು. ನನ್ನ ವಿದ್ಯಾರ್ಥಿಗಳು ತಂತ್ರಾಂಶದಲ್ಲಿ ಅವನಿಗಿಂತ ಚುರುಕು. ಆದರೆ ಅವನಿಗಿದ್ದದ್ದು ಅವರಿಗಿರಲಿಲ್ಲ. ಅವನ ಕೆಲಸ ದಿನವೂ ಗಿರಾಕಿಯ ಕೈಗೆ ಹೋಗಿ ಪರೀಕ್ಷೆಗೊಳಗಾಗುತ್ತಿತ್ತು. ಇವರದು ಅಧ್ಯಾಪಕರ ಮೇಜಿನಲ್ಲಿ ಕೊನೆಗೊಳ್ಳುತ್ತಿತ್ತು.

ನನ್ನ ಪುಸ್ತಕವೂ ಹಾಗೆಯೇ ಕೊನೆಗೊಂಡಿತ್ತು. ಕಿನ್ನಾಳದಿಂದ ಮರಳಿದ ಮೇಲೆ ನಾಚಿಕೆಯಿಂದಲೇ ಕಪಾಟಿನ ಮೂಲೆಯಲ್ಲಿದ್ದ ಹಳೆಯ ಸಿ.ಡಿ.ಯನ್ನು ಹುಡುಕಿ ತೆಗೆದೆ. ಅದನ್ನು ಹಾಕಲು ಈಗಿನ ಲ್ಯಾಪ್‌ಟಾಪಿನಲ್ಲಿ ಜಾಗವೇ ಇರಲಿಲ್ಲ. ಹೇಗೋ ಒಂದು ಯಂತ್ರವನ್ನು ಹೊಂದಿಸಿದರೆ ಪುಟವಿನ್ಯಾಸದ ಕಡತ ತೆರೆಯಲಿಲ್ಲ. ಅದನ್ನು ಸಿದ್ಧಪಡಿಸಿದ ತಂತ್ರಾಂಶ ಬಳಕೆ ತಪ್ಪಿ ವರ್ಷಗಳಾಗಿದ್ದವು. ಹಿರಿಯರ ಮಾತುಗಳನ್ನು ಟೇಪಿನಿಂದ ಕೇಳಿ ಕನ್ನಡದಲ್ಲಿ ಬೆರಳಚ್ಚಿಸಿದ್ದ ಕಡತವೇನೋ ತೆರೆಯಿತು. ಆದರೆ ಪರದೆಯ ಮೇಲೆ ಮೂಡಿದ್ದು ಕನ್ನಡವಲ್ಲ, ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಯುನಿಕೋಡ್ ಬಳಕೆ ವ್ಯಾಪಕವಾಗುವುದಕ್ಕೆ ಮುಂಚೆ ಕನ್ನಡದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿ ಕೆಲಸ ನಡೆಸುತ್ತಿದ್ದವು. ಆ ಫಾಂಟು ಇಲ್ಲದ ಕಂಪ್ಯೂಟರಿಗೆ ಅದು ಕನ್ನಡವೆಂದು ತಿಳಿಯುವ ದಾರಿಯಿಲ್ಲ. ಕಾಗದದ ಮೇಲಿದ್ದರೆ ನೂರು ವರ್ಷ ಉಳಿಯಬಹುದಾಗಿದ್ದ ಮಾತು ಡಿಜಿಟಲ್ ಆದ ಕಾರಣಕ್ಕೆ ಇಪ್ಪತ್ತು ವರ್ಷಗಳಲ್ಲಿ ಮೂಕವಾಗಿತ್ತು.

ಅದಕ್ಕೆ ಮತ್ತೆ ಬಾಯಿ ಬರಿಸಿದವರು ನನ್ನ ವಿದ್ಯಾರ್ಥಿಗಳು. ಇದು ಪಠ್ಯಕ್ರಮದಲ್ಲಿರಲಿಲ್ಲ, ಅಂಕವೂ ಇರಲಿಲ್ಲ. ಕನ್ನಡದ ಸ್ವಯಂಸೇವಕ ತಂತ್ರಜ್ಞರು ಹಳೆಯ ಫಾಂಟುಗಳ ಪಠ್ಯವನ್ನು ಯುನಿಕೋಡಿಗೆ ಬದಲಿಸುವ ಉಚಿತ ಸಾಧನಗಳನ್ನು ರೂಪಿಸಿಟ್ಟಿರುವುದನ್ನು ಅವರೇ ಪತ್ತೆ ಹಚ್ಚಿದರು. ಬದಲಾಯಿಸುವಾಗ ಕೆಟ್ಟ ಒತ್ತಕ್ಷರಗಳನ್ನು ಒಂದೊಂದಾಗಿ ತಿದ್ದಿದರು. ಕನ್ನಡ ಓದಲು ಬಾರದ ಇಬ್ಬರು ಅದಕ್ಕಾಗಿಯೇ ಅಕ್ಷರ ಕಲಿತರು. ಎರಡು ವಾರಗಳ ನಂತರ ಹಿರಿಯರ ಮಾತುಗಳು ಅರವತ್ತು ಪುಟಗಳಷ್ಟು ಮರಳಿ ಬಂದವು. ನಾನು ಕಂಡ ಸ್ವಯಂ ನಿರ್ದೇಶಿತ ಕಲಿಕೆಯಲ್ಲಿ ಇದಕ್ಕಿಂತ ಒಳ್ಳೆಯದು ಬೇರೊಂದಿಲ್ಲ. ಅದು ಸಾಧ್ಯವಾದದ್ದು ಸಾಧನ ಹೊಸದಾಗಿತ್ತೆಂದಲ್ಲ; ಈ ಮಾತುಗಳಿಗಾಗಿ ಕಾಯುವ ಮನೆಯೊಂದನ್ನು ಅವರು ಕಣ್ಣಾರೆ ಕಂಡಿದ್ದರು.

ಈ ಅನುಭವದಿಂದ ವಿನ್ಯಾಸ ಶಿಕ್ಷಣ ಸಂಸ್ಥೆಗಳ ಮುಂದೆ ಕೆಲವು ಸಲಹೆಗಳನ್ನು ಇಡಬಯಸುತ್ತೇನೆ. ಮೊದಲನೆಯದಾಗಿ, ಅಂತಿಮ ಪುಸ್ತಕಕ್ಕೆ ಕೊಡುವಷ್ಟೇ ಅಂಕವನ್ನು ವಿದ್ಯಾರ್ಥಿಯ ಡಿಜಿಟಲ್ ದಿನಚರಿಗೂ ಕೊಡಬೇಕು. ನಾನು ಏನೆಂದುಕೊಂಡಿದ್ದೆ, ಅಲ್ಲಿ ಏನು ಕಂಡೆ, ಯಾರು ತಿದ್ದಿದರು ಎಂಬ ಮೂರು ಸಾಲು ದಿನವೂ ಬರೆದರೆ ಸಾಕು. ಕೃತಕ ಬುದ್ಧಿಮತ್ತೆ ಅಂದದ ಪುಸ್ತಕವನ್ನು ಕಟ್ಟಿಕೊಡಬಲ್ಲದು. ‘ಇದು ನಮ್ಮದಲ್ಲ’ ಎಂದು ಹೇಳಿಸಿಕೊಂಡ ಆ ಗಳಿಗೆಯನ್ನು ಕಟ್ಟಿಕೊಡಲಾರದು. ಎರಡನೆಯದಾಗಿ, ದಾಖಲೆಗಳು ಮುಕ್ತ ಮಾದರಿಯ ಕಡತಗಳಲ್ಲಿ, ಯುನಿಕೋಡ್ ಕನ್ನಡದಲ್ಲಿ ಇರಬೇಕು. ಇಂಕ್‌ಸ್ಕೇಪ್, ಬ್ಲೆಂಡರ್‌ಗಳಂತಹ ಮುಕ್ತ ತಂತ್ರಾಂಶಗಳನ್ನು ಕಲಿಸಿದರೆ, ದುಬಾರಿ ಪರವಾನಗಿಯ ಹಂಗಿಲ್ಲದೆ ಕುಷ್ಟಗಿಯ ಪದವಿ ವಿದ್ಯಾರ್ಥಿಯೂ ಅದೇ ಕಡತವನ್ನು ತೆರೆದು ಮುಂದುವರಿಸಬಹುದು. ಮೂರನೆಯದು ಮತ್ತು ಮುಖ್ಯವಾದದ್ದು: ದಾಖಲೆ ತಾನು ಹುಟ್ಟಿದ ಊರಿಗೆ ಕನ್ನಡದಲ್ಲಿ ಮರಳಿ, ಕಲಿಸಿದವರ ಎದುರು ಓದಿಸಿಕೊಂಡು, ಅವರಿಂದ ತಿದ್ದಿಸಿಕೊಂಡ ಮೇಲೆಯೇ ಅಂಕ ಕೊಡಬೇಕು. ಓದಲು ಬಾರದವರಿಗೆ ಧ್ವನಿಯ ರೂಪದಲ್ಲಿ ಕೇಳಿಸಬಹುದು. ಒಂದು ಪ್ರತಿ ಆ ಊರಿನ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ ಕಂಪ್ಯೂಟರಿನಲ್ಲಿ ಉಳಿಯಲಿ. ಈ ಕೆಲಸಕ್ಕೆ ಕಳೆಯುವ ದಿನಗಳಿಗೆ ಕುಶಲಕರ್ಮಿಗೆ ಅತಿಥಿ ಉಪನ್ಯಾಸಕರಿಗೆ ಕೊಡುವಂತೆಯೇ ಸಂಭಾವನೆ ಕೊಡಬೇಕು. ಅದು ದಾನವಲ್ಲ, ಪಾಠ ಹೇಳಿದ್ದಕ್ಕೆ ಸಲ್ಲಬೇಕಾದ ಶುಲ್ಕ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಇದೆಲ್ಲ ಸಮಯ ಹಿಡಿಯುವ ಕೆಲಸವೆಂಬುದು ಒಂದು. ಹೌದು, ಹಿಡಿಯುತ್ತದೆ. ಹತ್ತು ಕರಕುಶಲ ಕಲೆಗಳನ್ನು ಮುಟ್ಟಿ ಬರುವ ಬದಲು ಒಂದನ್ನು ಮುಗಿಸಿ ಬಂದರೆ ಸಮಯ ಸಿಗುತ್ತದೆ. ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ಎಲ್ಲವನ್ನೂ ಡಿಜಿಟಲ್ ಮಾಡಿ ಮುಕ್ತವಾಗಿಟ್ಟರೆ ನಕಲು ಮಾಡುವವರಿಗೆ ದಾರಿ ಮಾಡಿಕೊಟ್ಟಂತಾಗದೇ? ಕಿನ್ನಾಳದ ಗೊಂಬೆಗೂ ಇಳಕಲ್ ಸೀರೆಗೂ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಆದರೆ ಆ ಕಾನೂನು ಕಾಪಾಡುವುದು ಹೆಸರನ್ನು. ಬೇರೆ ಹೆಸರಿಟ್ಟು ಅದೇ ರೂಪವನ್ನು ಅಚ್ಚುಹಾಕುವವರನ್ನು ಅದರಿಂದ ತಡೆಯುವುದು ಸುಲಭವಲ್ಲ. ಆದ್ದರಿಂದ ಯಾವುದು ಜಗತ್ತಿಗೆ ತೆರೆದಿರಬೇಕು, ಯಾವುದು ಮನೆತನದೊಳಗೇ ಉಳಿಯಬೇಕು ಎಂಬುದನ್ನು ನಿರ್ಧರಿಸಬೇಕಾದವರು ಕಲೆಯ ಒಡೆಯರು. ವಿದ್ಯಾರ್ಥಿಯೂ ಅಲ್ಲ, ಸಂಸ್ಥೆಯೂ ಅಲ್ಲ. ಮರಳಿ ಹೋಗಿ ತೋರಿಸಿದಾಗ ಮಾತ್ರ ಅವರಿಗೆ ಆ ನಿರ್ಧಾರದ ಅವಕಾಶ ಸಿಗುತ್ತದೆ. ಮರಳದ ಪುಸ್ತಕದಲ್ಲಿ ಅವರ ಒಪ್ಪಿಗೆಯೂ ಇರುವುದಿಲ್ಲ.

ಇದು ಭಾವುಕತೆಯ ಪ್ರಶ್ನೆ ಮಾತ್ರವೂ ಅಲ್ಲ. ಇದೇ ಜಿಲ್ಲೆಯ ಭಾನಾಪುರದಲ್ಲಿ 2021ರಲ್ಲಿ ಬೃಹತ್ ಆಟಿಕೆ ಉದ್ಯಮ ಸಮುಚ್ಚಯಕ್ಕೆ ಶಂಕುಸ್ಥಾಪನೆಯಾಯಿತು. ಆಟಿಕೆಯ ಉದ್ಯಮಕ್ಕೆ ವಿನ್ಯಾಸಕಾರರು ಬೇಕು. ಅವರು ಹೊರಗಿನಿಂದಲೇ ಬರಬೇಕೇ ಅಥವಾ ಶತಮಾನಗಳಿಂದ ಗೊಂಬೆ ಮಾಡಿಕೊಂಡು ಬಂದ ಕಿನ್ನಾಳದ ಮನೆಗಳಿಂದಲೂ ಬರಬಹುದೇ ಎಂಬುದು, ಆ ಮನೆಗಳ ಮಕ್ಕಳಿಗೆ ತಮ್ಮದೇ ವಿದ್ಯೆಯ ದಾಖಲೆ ತಮ್ಮ ಭಾಷೆಯಲ್ಲಿ, ತಮ್ಮ ಮೊಬೈಲಿನಲ್ಲಿ ಸಿಗುವುದೋ ಇಲ್ಲವೋ ಎಂಬುದನ್ನೂ ಅವಲಂಬಿಸಿದೆ. ಸ್ವಯಂ ಕಲಿಕೆಯ ಹಕ್ಕು ಬೆಂಗಳೂರಿನ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಮಾತ್ರ ಸೇರಿದ್ದಲ್ಲ.

ಮರಳಿ ಸಿಕ್ಕ ಆ ಅರವತ್ತು ಪುಟಗಳನ್ನು, ಅವುಗಳ ಜೊತೆಗೆ ನನ್ನ ಹಳೆಯ ಪುಸ್ತಕದ ಕನ್ನಡ ರೂಪವನ್ನು ಮುದ್ರಿಸಿ ನಾವು ಮತ್ತೆ ಕಿನ್ನಾಳಕ್ಕೆ ಹೋದೆವು. ಯಲಬುರ್ಗಾದ ಹುಡುಗಿ ಗಟ್ಟಿಯಾಗಿ ಓದಿದಳು. ತಂದೆಯ ಮಾತು ಬಂದಲ್ಲೆಲ್ಲ ಮಗ ತಲೆದೂಗುತ್ತಿದ್ದರು. ನಾನು ಬರೆದ ಭಾಗ ಬಂದಾಗ ಒಂದೆಡೆ ಕೈಯೆತ್ತಿ ನಿಲ್ಲಿಸಿದರು. “ಇಲ್ಲಿ ತಪ್ಪೈತ್ರಿ ಅಕ್ಕಾರ. ಕಿಟ್ಟ ಹಚ್ಚಿದ ಮ್ಯಾಲ ಅರಿವಿ ಚೂರು ಅಂಟಸ್ತೀವಿ, ಕಲ್ಲಿನ ಪುಡಿ ಆಮ್ಯಾಲ. ನೀವು ಹಿಂದುಮುಂದು ಬರೆದೀರಿ.” ನಾನು ಮೂರು ವಾರ ಎದುರಿಗೇ ಕುಳಿತು ನೋಡಿ, ಚಿತ್ರ ತೆಗೆದು, ಒಳ್ಳೆಯ ಅಂಕ ಪಡೆದ ಪುಸ್ತಕದಲ್ಲಿ ಪದರಗಳ ಕ್ರಮವೇ ತಪ್ಪಾಗಿತ್ತು. ನನ್ನ ಪರೀಕ್ಷಕರಲ್ಲಿ ಅದನ್ನು ಕಂಡುಹಿಡಿಯಬಲ್ಲವರು ಯಾರೂ ಇರಲಿಲ್ಲ. ಕಂಡುಹಿಡಿಯಬಲ್ಲವರ ಬಳಿಗೆ ನಾನು ಇಪ್ಪತ್ತು ವರ್ಷ ಹೋಗಲಿಲ್ಲ.

ವಿದ್ಯಾರ್ಥಿಗಳ ಎದುರಿಗೇ ಪೆನ್ನು ತೆಗೆದು ಆ ಸಾಲನ್ನು ತಿದ್ದಿದೆ. ಪುಸ್ತಕವನ್ನು ಅವರ ಮನೆಯಲ್ಲಿಯೇ ಬಿಟ್ಟು ಬಂದೆವು.